ನಾನೂರ ಹನ್ನೆರಡನೆಯ ಮೀಟರ್

ಒಳಗೆ ಹೋಗುವ ಮೊದಲು ಮೂರು ಜೊತೆ ಕಾಲುಚೀಲ ಹಾಕಿಕೊಳ್ಳಬೇಕು. ಎರಡನೆಯ ಜೊತೆಯನ್ನು ಹಿಮ್ಮಡಿಗೆ ಎಳೆದುಕೊಳ್ಳುತ್ತಿದ್ದಾಗ, ಇವತ್ತು ಹನ್ನೊಂದಕ್ಕೆ ಆ ಹುಡುಗಿ ಬರುತ್ತಾಳೆಂಬುದು ಅವನಿಗೆ ನೆನಪಾಯಿತು. ನೆನಪಾಯಿತು ಅಂದುಕೊಂಡದ್ದೂ ಸುಳ್ಳೇ, ಮರೆತದ್ದಾದರೂ ಯಾವಾಗ? ನಾಲ್ಕು ದಿನದ ಹಿಂದೆ ಅವಳ ಮೇಲ್ ಬಂದಾಗಿನಿಂದ, ಹಲ್ಲುಜ್ಜುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ರಾತ್ರಿಯ ಒಂದೇ ತಟ್ಟೆ ತೊಳೆದು ಬೋರಲು ಹಾಕುವಾಗ, ಅವನ ಜೊತೆ ಅವಳ ಎರಡು ಸಾಲೂ ಇದ್ದವು. 'ನಾನೂರ ಹನ್ನೆರಡನೆಯ ಮೀಟರಿನ ಮೀಸಲು ಪಾಲು ಒಂದು ಸಲ ನೋಡಬೇಕು ಮಾಮ. ಜಾಸ್ತಿ ಹೊತ್ತು ತಗೊಳ್ಳಲ್ಲ.' ಜಾಸ್ತಿ ಹೊತ್ತು ಬೇಕಾಗುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಮೂರನೆಯ ಜೊತೆಯನ್ನು ಎಳೆದುಕೊಂಡ. ಬಲಗಾಲಿನದು ತಿರುಚಿಕೊಂಡು ಹಿಮ್ಮಡಿಯ ಗೂಡು ಪಾದದ ಮೇಲೆ ಬಂದು ಕೂತಿತು. ಸರಿ ಮಾಡಿಕೊಳ್ಳಲು ಬಗ್ಗಿದವನು ಹಾಗೇ ಬಗ್ಗಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದ. ಎದುರಿಗಿದ್ದ ಕಾವಲಿನವನು "ಏನ್ಸಾರ್, ಸೊಂಟ ಹಿಡ್ಕೊಂಡಿತಾ?" ಎಂದು ಕೇಳಿದ. "ವಯಸ್ಸಾಯ್ತಲ್ಲಪ್ಪ" ಅಂದ. ಸುಳ್ಳು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ ಎಂದು ತನ್ನ ಮೇಲೆ ತಾನೇ ಅಸಹ್ಯಪಟ್ಟುಕೊಂಡ.

ಊರಿನ ಅಂಚಿನಲ್ಲಿ, ಗೋದಾಮುಗಳ ಸಾಲಿನ ಕೊನೆಗೆ, ಕಿಟಕಿಯಿಲ್ಲದ ಆ ಕಟ್ಟಡದೊಳಗೆ ಸೊನ್ನೆಗಿಂತ ಮೂವತ್ತಾರು ಡಿಗ್ರಿ ಕೆಳಗಿನ ಚಳಿಯಲ್ಲಿ ಹದಿನೇಳು ಸಾವಿರ ಕೊಳವೆಗಳು ಮಲಗಿದ್ದವು. ಪ್ರತಿ ಕೊಳವೆಯಲ್ಲಿ ಮೀಟರುದ್ದದ ಒಂದು ಮಂಜುಗಡ್ಡೆ, ಎಷ್ಟನೆಯ ಮೀಟರಿನ ಆಳದಲ್ಲಿ ಸಿಕ್ಕಿತೋ ಅದೇ ಅದರ ನಂಬರು. ಜನ ಕಾಲಿಡದ ಹಿಮದ ಬಯಲುಗಳಲ್ಲಿ ಯಾರೋ ತಿಂಗಳುಗಟ್ಟಲೆ ಗುಡಾರ ಹಾಕಿಕೊಂಡು ನೆಲಕ್ಕೆ ಕೊರೆದು ತೆಗೆದದ್ದು. ವಿಜ್ಞಾನಿಗಳು ಅದನ್ನು ಕೋರ್ ಎನ್ನುತ್ತಿದ್ದರು, ಅವನು ಮೊದಲಿನಿಂದಲೂ ದಿಂಡು ಎನ್ನುತ್ತಿದ್ದ. ಈಚೆಗೆ ವಿಜ್ಞಾನಿಗಳೂ ಅವನ ಮುಂದೆ ದಿಂಡು ಎನ್ನಲು ಕಲಿತಿದ್ದರು, ಅದು ಅವನಿಗೆ ಒಳಗೊಳಗೇ ಖುಷಿ. ವರ್ಷವರ್ಷ ಬಿದ್ದ ಹಿಮ ಪದರಪದರವಾಗಿ ಕೂತು, ಆ ವರ್ಷದ ಧೂಳು, ಬೂದಿ, ಗಾಳಿಯ ಗುಳ್ಳೆ ಎಲ್ಲ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಯಾವ ದೇಶದ ಯಾರೇ ವಿಜ್ಞಾನಿ ಕೇಳಿದರೂ ಒಂದು ಪಾಲು ಕೊಯ್ದು ಕೊಡುವುದು, ಒಂದು ಪಾಲನ್ನು ಇನ್ನೂ ಹುಟ್ಟದವರಿಗೆಂದು ಮೀಸಲಿಡುವುದು, ತಿಂಗಳಿಗೊಂದು ಸಲ ಸಾರ್ವಜನಿಕರನ್ನು ಕರೆದು ಗಾಜಿನಾಚೆಯಿಂದ ತೋರಿಸುವುದು, ಇವಿಷ್ಟು ಇಪ್ಪತ್ತಾರು ವರ್ಷದಿಂದ ಅವನ ಕೆಲಸ. ಕಾಗದದ ಮೇಲೆ ಅವನ ಹುದ್ದೆಗೆ ಉದ್ದನೆಯ ಹೆಸರಿದೆ. ಎಲ್ಲರೂ ಕರೆಯುವುದು ಉಗ್ರಾಣಿ ಎಂದೇ. ನೋಡಲು ಬರುವ ಮಕ್ಕಳು ಮಾತ್ರ ಐಸ್ ಮಾಮ ಎನ್ನುತ್ತಾರೆ. ತನ್ನ ಸಂಶೋಧನೆಗೆ ಮಂಜು ಕೇಳಿಕೊಂಡು ಆ ಹುಡುಗಿ ಮೊದಲ ಸಲ ಬಂದಿದ್ದು ಮಕ್ಕಳು ಬಂದಿದ್ದ ದಿನವೇ. ಮಾಮ ಎನ್ನುವುದನ್ನು ಅವರ ಬಾಯಿಂದ ಎತ್ತಿಕೊಂಡವಳು ಆಮೇಲೆ ಬಿಡಲೇ ಇಲ್ಲ.

ಒಳಗೆ ನಾಲ್ಕನೆಯ ಓಣಿಯಲ್ಲಿ, ಎಡಗಡೆ, ಮೊಣಕಾಲೆತ್ತರದ ಸಾಲಿನಲ್ಲಿ ಆ ಮೀಸಲು ಪಾಲಿತ್ತು. ಹುಡುಕಬೇಕಾಗಿರಲಿಲ್ಲ. ಎರಡು ವರ್ಷದಿಂದ ಆ ಓಣಿಗೆ ಬಂದಾಗಲೆಲ್ಲ ಅದರ ಕಡೆ ನೋಡದೆ ಹೋಗುವುದನ್ನು ಅವನು ಎಷ್ಟು ಚೆನ್ನಾಗಿ ರೂಢಿಸಿಕೊಂಡಿದ್ದನೆಂದರೆ, ಕಣ್ಣು ಕಟ್ಟಿ ಬಿಟ್ಟರೂ ನೋಡದಿರಬೇಕಾದ ಜಾಗ ಯಾವುದೆಂದು ತೋರಿಸಬಲ್ಲವನಾಗಿದ್ದ. ಕೊಳವೆ ಎಳೆದ. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಚುಚ್ಚುತ್ತಿತ್ತು. ಮುಚ್ಚಳ ತೆಗೆದು ಬೆಳಕಿಗೆ ಹಿಡಿದರೆ, ತೆಳ್ಳನೆಯ ಚೀಲದೊಳಗಿನ ದಿಂಡಿನ ಮೇಲೆ ಅವನದೇ ಕೈಯ ಕಪ್ಪು ಬಾಣ, ನೆಟ್ಟಗೆ, ಚೂಪಾಗಿ, ಅಳುಕಿಲ್ಲದೆ. ನೋಡಿದವರಿಗೆ ಏನು ಗೊತ್ತಾಗಬೇಕು! ಬಾಣದ ಮೊನೆ ಇರುವ ಕಡೆ ಆಕಾಶ, ಬಾಲ ಇರುವ ಕಡೆ ಪಾತಾಳ. ಮೇಲಿನದು ಹೊಸ ಕಾಲ, ಕೆಳಗಿನದು ಹಳೆಯ ಕಾಲ. ಗರಗಸದಲ್ಲಿ ಎರಡೂ ತುದಿ ಸಪಾಟಾಗಿ ಕೊಯ್ದು ಬರುವ ದಿಂಡಿಗೆ ತಲೆ ಯಾವುದು ಬುಡ ಯಾವುದು ಎಂದು ಹೇಳುವ ಬಾಯಿ ಅದೊಂದೇ. ಆ ಬಾಯಿಗೆ ಅವನು ಸುಳ್ಳು ಕಲಿಸಿದ್ದ.

ಎರಡು ವರ್ಷದ ಹಿಂದೆ, ಆ ದಿಂಡು ಕೊಯ್ಯಬೇಕಿದ್ದ ದಿನ, ಹೆಂಡತಿ ಫೋನ್ ಮಾಡಿದ್ದಳು. ಮಗಳ ಹೆರಿಗೆಗೆಂದು ಮೂರು ತಿಂಗಳ ಮಟ್ಟಿಗೆ ಹೋದವಳು, ಇನ್ನೂ ಆರು ತಿಂಗಳು ಇರುತ್ತೇನೆ, ಮಗಳು ಕೆಲಸಕ್ಕೆ ಹೋಗಬೇಕಲ್ಲ ಎಂದಳು. ಅದಕ್ಕೇನಂತೆ, ಇರು, ಎಂದ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅವಳು ಹಗುರವಾಗಿ, ಪಕ್ಕದಲ್ಲಿ ಮಗು ಯಾಕೋ ಕಿರುಚಿದ್ದಕ್ಕೆ ನಗುತ್ತಲೇ, "ನಿಮಗೇನು ಬಿಡ್ರಿ, ನಿಮ್ಮ ಐಸ್ ಇದೆಯಲ್ಲ, ನಾನಿದ್ದಾಗಲಾದ್ರೂ ಏನು ಮಹಾ ಮಾತಾಡ್ತಿದ್ರಿ" ಎಂದುಬಿಟ್ಟಳು. ಜಗಳದ ದನಿಯಲ್ಲ. ಜಗಳದ ದನಿಯಾಗಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಫೋನಿಟ್ಟು ಕೊಯ್ಯುವ ಕೋಣೆಗೆ ಬಂದವನು ಉಜ್ಜುಗೊರಡು ಎತ್ತಿಕೊಂಡು ದಿಂಡಿನ ಮೈಮೇಲಿನ ಹಿಮದ ಪುಡಿ ಹೆರೆಯತೊಡಗಿದ, ಹೆರೆಯುತ್ತಲೇ ಇದ್ದ. ಮನೆಯಲ್ಲಿ ಮಾತಾಡಿದ್ದನಲ್ಲವೇ ತಾನು? ಊಟದ ಹೊತ್ತಿಗೆ, ಹಾಲಿನವನ ವಿಷಯ, ನಲ್ಲಿಯ ವಿಷಯ, ಮಗಳ ವಿಷಯ. ಯಾವ ವಿಷಯ ಮಾತಾಡಿದ್ದೆ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಕೈಯನ್ನು ಅದರ ಪಾಡಿಗೆ ಬಿಟ್ಟಿದ್ದ. ಹೆರೆಯುವ ಮೊದಲು ಬಾಣವನ್ನು ಮಗ್ಗುಲಿಗೆ ಇನ್ನೊಂದು ಸಲ ಎಳೆದುಕೊಳ್ಳಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ, ಹೇಳಿಕೊಡುವವನೂ ಅವನೇ. ಗೊರಡು ಕೆಳಗಿಟ್ಟು ನೋಡಿದರೆ ದಿಂಡು ನುಣ್ಣಗೆ, ಗಾಜಿನಷ್ಟು ತಿಳಿಯಾಗಿ, ಯಾವ ಗುರುತೂ ಇಲ್ಲದೆ ಮಲಗಿತ್ತು. ಮೇಜಿನಾಚೆ ಆ ಹುಡುಗಿ ಪಟ್ಟಿ ಹಿಡಿದು ಹಲ್ಲು ಕಟಕಟ ಎನ್ನಿಸುತ್ತ ನಿಂತಿದ್ದಳು. "ಮಾಮ, ಬಾಣ?" ಎಂದಳು.

ದಿಕ್ಕು ಗೊತ್ತಿಲ್ಲ ಎಂದು ಪುಸ್ತಕದಲ್ಲಿ ಬರೆಯುವ ಪದ್ಧತಿ ಇದೆ. ಬರೆದರೆ ಆ ಒಂದು ಮೀಟರು ಸೂಕ್ಷ್ಮದ ಕೆಲಸಕ್ಕೆ ಬಾರದೆ ಹೋಗುತ್ತದೆ, ಅಷ್ಟೆ, ಯಾರೂ ಸಾಯುವುದಿಲ್ಲ. ಅವನು ಇಪ್ಪತ್ನಾಲ್ಕು ವರ್ಷದಲ್ಲಿ ಆ ಎರಡು ಪದಗಳನ್ನು ಒಮ್ಮೆಯೂ ಬರೆದಿರಲಿಲ್ಲ. ಎದೆಯ ಹತ್ತಿರದ ಜೇಬಿನಲ್ಲಿ, ಶಾಯಿ ಹೆಪ್ಪುಗಟ್ಟದಿರಲೆಂದು ಮೈಕಾವಿಗೆ ಇಟ್ಟುಕೊಂಡಿದ್ದ ಪೆನ್ನು ತೆಗೆದು, "ಇಲ್ಲಿ ನೋಡಮ್ಮ" ಎಂದು ಎಳೆದೇ ಬಿಟ್ಟ. ಕೈ ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ದಿಂಡನ್ನು ಉದ್ದಕ್ಕೆ ಸೀಳಿ, ಅವಳ ಪಾಲಿಗೂ ಮೀಸಲು ಪಾಲಿಗೂ ಅದೇ ಬಾಣವನ್ನು ನಕಲು ಮಾಡಿದ. ಅವಳ ಪಾಲನ್ನು ತುಂಡು ತುಂಡಾಗಿ ಕೊಯ್ದು, ಬಾಣದ ಕ್ರಮದಲ್ಲಿ ನಂಬರು ಹಾಕಿದ ಬಾಟಲಿಗಳಿಗೆ ತುಂಬಿಕೊಂಡು, ಸಂಜೆ ಅವಳು ಪೆಟ್ಟಿಗೆ ಹೊತ್ತುಕೊಂಡು ಹೋದಳು. ಕೋಣೆ ಗುಡಿಸುವಾಗ ದಿಂಡು ಬಂದಿದ್ದ ಹಳೆಯ ಚೀಲ ಕಾಲಿಗೆ ಸಿಕ್ಕಿತು. ಕೊರೆದವರು ಅಲ್ಲೇ ಬರೆದ ಮಾಸಲು ಬಾಣ ಅದರ ಮೇಲಿತ್ತು. ಚೀಲದ ಸೀಳಿದ ಬಾಯಿ ಯಾವ ಕಡೆ, ದಿಂಡನ್ನು ಹೇಗೆ ಹೊರಗೆಳೆದೆ, ಮೇಜಿನ ಮೇಲೆ ಹೇಗಿಟ್ಟೆ ಎಂದು ಗಾಳಿಯಲ್ಲಿ ಕೈಯಾಡಿಸಿ ನೋಡಿದ. ಎರಡು ಸಲ, ಮೂರು ಸಲ. ಪ್ರತಿ ಸಲವೂ ತನ್ನ ಬಾಣ ತಲೆಕೆಳಗೇ ಬಂತು. ಫೋನಿನಲ್ಲಿ ಹುಡುಗಿಯ ನಂಬರು ತೆಗೆದ. ತೆಗೆದವನು ಯಾಕೋ ಹೆಂಡತಿಗೆ ಮಾಡಿ, ಮಗು ಮಲಗಿತಾ ಎಂದು ಕೇಳಿದ. ಮಲಗಿದೆ, ಈಗ ಮಾತಾಡಿದರೆ ಎದ್ದುಬಿಡುತ್ತದೆ, ಎಂದಳು. ಆಮೇಲೆ ಅವನು ಚೀಲವನ್ನು ಕತ್ತರಿಯಲ್ಲಿ ಸಣ್ಣ ಸಣ್ಣದಾಗಿ ಕತ್ತರಿಸಿ ಕಸಕ್ಕೆ ಹಾಕಿದ. ಕೈ ಆಗಲೂ ಅಲುಗಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಅವಳು ಬಂದಳು. ಎರಡು ವರ್ಷದಲ್ಲಿ ಕೆನ್ನೆ ಇಳಿದಿತ್ತು. ಗವಸು, ಟೋಪಿ, ದಪ್ಪ ಕೋಟು ಹಾಕಿಕೊಳ್ಳುತ್ತಲೇ ಮಾತಿಗಾರಂಭಿಸಿದಳು, ಹಾಕಿಕೊಂಡ ಮೇಲೂ ನಿಲ್ಲಿಸಲಿಲ್ಲ. "ಜರ್ನಲ್‌ನವರು ನನ್ನ ಲೇಖನ ವಾಪಸ್ ಕಳಿಸಿದ್ದಾರೆ ಮಾಮ. ಅದೊಂದು ಮೀಟರಲ್ಲಿ ಜ್ವಾಲಾಮುಖಿಯ ಗುರುತು ಇದೆ ಅಂದಿದ್ನಲ್ಲ? ಜ್ವಾಲಾಮುಖಿ ಸಿಡಿದ್ರೆ ಆಮ್ಲ ತಟ್ಟನೆ ಏರ್ಬೇಕು, ಆಮೇಲೆ ನಿಧಾನಕ್ಕೆ ಇಳೀಬೇಕು. ನಂದರಲ್ಲಿ ನಿಧಾನಕ್ಕೆ ಏರಿ ತಟ್ಟನೆ ನಿಂತಿದೆ. ಎಲ್ಲೂ ಹಾಗೆ ಕಂಡಿಲ್ಲವಂತೆ. ಹುಡುಗಿ ಬಾಟಲಿಗಳನ್ನ ತಿರುವುಮುರುವು ಜೋಡಿಸಿದ್ದಾಳೆ ಅಂತ ಬರೆದಿದ್ದಾರೆ."

"ನೀನು ಹಾಗೆ ಮಾಡೋಳಲ್ಲ ಬಿಡು" ಎಂದ ಅವನು, ಅವಳ ಕೋಟಿನ ಗುಂಡಿಯ ಕಡೆ ನೋಡುತ್ತ.

"ನಂಗೇ ಗೊತ್ತಿಲ್ಲ ಈಗ. ನಮ್ಮ ಪ್ರೊಫೆಸರು ಎಲ್ಲರ ಮುಂದೆ ನನ್ನ ಬಾಟಲಿಗಳನ್ನ ಒಂದೊಂದಾಗಿ ಎತ್ತಿ ನಂಬರ್ ಓದಿಸಿದ್ರು. ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಸ್ತಾರಲ್ಲ, ಹಾಗೆ. ಓದ್ತಾ ಓದ್ತಾ ನಂಗೇ ಅನುಮಾನ ಬಂತು. ಈಗ ಒಲೆ ಆರಿಸಿದ್ನಾ ಅಂತ ಮೂರು ಸಲ ನೋಡ್ತೀನಿ ಗೊತ್ತಾ ಮಾಮ, ಆರಿಸಿರ್ತೀನಿ, ಆದ್ರೂ ನೋಡ್ತೀನಿ." ಅವಳು ನಕ್ಕಳು. "ಅದಕ್ಕೇ ಮೀಸಲು ಪಾಲಿನ ಮೇಲೆ ಆಮ್ಲದ ಯಂತ್ರ ಓಡಿಸಿ ನೋಡೋಣ ಅಂತ. ಅದು ಸರಿಯಾಗಿ ಬಂದ್ರೆ ತಪ್ಪು ನಂದೇ. ಒಪ್ಕೊಂಡು ಈ ಕೆಲಸ ಬಿಟ್ಬಿಡ್ತೀನಿ."

ಅದು ಸರಿಯಾಗಿ ಬರುವುದಿಲ್ಲ. ನಾಲ್ಕು ದಿನದಿಂದ ಅವನು ತನ್ನ ತಪ್ಪಿನ ಬಗ್ಗೆ ಎಷ್ಟು ಯೋಚಿಸಿದ್ದರೂ ಈ ಒಂದು ವಿಷಯ ಹೊಳೆದಿರಲಿಲ್ಲ. ಈಗ, ಕೊಯ್ಯುವ ಕೋಣೆಯ ದಪ್ಪ ಬಾಗಿಲನ್ನು ಭುಜದಿಂದ ತಳ್ಳುತ್ತಿರುವಾಗ ಹೊಳೆಯಿತು. ಮೀಸಲು ಪಾಲಿಗೂ ಅದೇ ಬಾಣ. ಅದೂ ಅವಳ ಬಾಟಲಿಗಳ ಹಾಗೆಯೇ ತಲೆಕೆಳಗಾಗಿ ಮಾತಾಡುತ್ತದೆ. ಅಂದರೆ ಅವಳು ಗೆಲ್ಲುತ್ತಾಳೆ. ಅವನು ತುಟಿ ಪಿಟಕ್ಕೆನ್ನದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಅವಳಿಗೂ ಒಳ್ಳೆಯದೇ ಆಗುತ್ತದೆ. ಹಾಗೆಂದುಕೊಂಡು ಸಮಾಧಾನಪಟ್ಟದ್ದು ಎಷ್ಟು ಹೊತ್ತು, ನಾಲ್ಕು ಹೆಜ್ಜೆ ಇಟ್ಟಷ್ಟು ಹೊತ್ತು. ಗೆದ್ದರೆ ಅವಳು ತನ್ನ ಹೆಸರಲ್ಲಿ ಅಚ್ಚು ಹಾಕಿಸುವುದು ಅವನ ಸುಳ್ಳನ್ನೇ.

ಗಾಜಿನಾಚೆ ಆಗಲೇ ಜನ ಸೇರಿದ್ದರು. ಇವತ್ತು ಸಾರ್ವಜನಿಕರ ದಿನ. ಮೂವತ್ತು ಮೂವತ್ತೈದು ಮಂದಿ, ನಿವೃತ್ತರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೈಕೈ ಹಿಡಿದುಕೊಂಡ ಒಂದು ಜೋಡಿ. ಅವರಿಗೆ ಒಂದೊಂದು ಲೋಟ ನೀರು ಕೊಟ್ಟು, ಕೊಯ್ದುಳಿದ ಮಂಜಿನ ಚೂರನ್ನು ಅದರಲ್ಲಿ ಹಾಕಿಸಿದ್ದರು. ಚೂರು ಕರಗುವಾಗ ಹಳೆಯ ಗಾಳಿಯ ಗುಳ್ಳೆಗಳು ಚಟಚಟ ಒಡೆಯುತ್ತವೆ. ಎಲ್ಲರೂ ಲೋಟಕ್ಕೆ ಕಿವಿಗೊಟ್ಟು, ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ ತಲೆ ವಾರೆ ಮಾಡಿಕೊಂಡು ನಿಂತಿದ್ದರು. ನಿರ್ದೇಶಕಿ ಮೈಕು ಹಿಡಿದು ವಿವರಿಸುತ್ತಿದ್ದದ್ದು ಗೋಡೆಯ ಸ್ಪೀಕರ್ ಪೆಟ್ಟಿಗೆಯಿಂದ ಒಳಗೂ ಕೇಳುತ್ತಿತ್ತು. ಅವಳು ಒಳ್ಳೆಯ ಮಾತುಗಾರ್ತಿ. ನಮ್ಮ ಉಗ್ರಾಣಿಯವರು, ಇಪ್ಪತ್ತಾರು ವರ್ಷ, ಇವರ ಕೈ ಮುಟ್ಟದ ಒಂದೇ ಒಂದು ಕೋರ್ ಇಲ್ಲಿಲ್ಲ, ಎಂದಳು. ಜನ ಗಾಜಿನಾಚೆಯಿಂದ ಕೈಬೀಸಿದರು. ಅವನೂ ಬೀಸಿದ. ದಪ್ಪ ಗವಸಿನಲ್ಲಿ ಅವನ ಕೈ ಕರಡಿಯ ಪಂಜದ ಹಾಗೆ ಕಂಡು ಒಂದು ಮಗು ನಕ್ಕಿತು. ಮಗಳ ಮಗುವಿಗೆ ಈಗ ಓಡಲು ಬರುತ್ತದಂತೆ, ಆರು ತಿಂಗಳೆಂದ ಹೆಂಡತಿ ಇನ್ನೂ ಅಲ್ಲೇ ಇದ್ದಳು. ಹೋಗಿ ನೋಡಲು ಅವನಿಗೆ ಬಿಡುವೇ ಆಗಿರಲಿಲ್ಲ. ಐಸ್ ಬಿಟ್ಟು ಬರೋಕಾಗುತ್ತಾ, ಎಂದು ಪ್ರತಿಸಲವೂ ಹೇಳಿದ್ದ. ಬರೋಕಾಗುತ್ತಿತ್ತು. ಬರೋಕಾಗಲ್ಲ ಎಂದು ಹೇಳಿದಾಗ ಹೆಂಡತಿ ಬಲವಂತ ಮಾಡಲಿ ಎಂದು ಕಾದಿದ್ದ, ಅವಳು ಮಾಡಲಿಲ್ಲ, ಅಷ್ಟೆ.

ಆ ಹುಡುಗಿ ಯಂತ್ರ ಜೋಡಿಸಿದಳು. ಎರಡು ಲೋಹದ ಕಡ್ಡಿಗಳನ್ನು ದಿಂಡಿನ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದರೆ, ಆಮ್ಲ ಇದ್ದಲ್ಲಿ ಪರದೆಯ ಗೆರೆ ಮೇಲೇರುತ್ತದೆ. ಅವನು ದಿಂಡಿನ ಮೈಯನ್ನು ಒಂದೆಳೆ ಹೆರೆದು ಕೊಟ್ಟ, ಈ ಸಲ ಬಾಣ ಮುಟ್ಟದ ಹಾಗೆ. ಆಗ ಆಚೆಯಿಂದ ಯಾರೋ ವಯಸ್ಸಾದವರು ಮೈಕು ಕೇಳಿ ಇಸಿದುಕೊಂಡು, "ಒಂದು ಪ್ರಶ್ನೆ ಸರ್. ಎರಡೂ ಕಡೆ ಒಂದೇ ಥರ ಇದೆ. ಮೇಲೆ ಯಾವುದು ಕೆಳಗೆ ಯಾವುದು ಅಂತ ನಿಮಗೆ ಹ್ಯಾಗೆ ಗೊತ್ತಾಗುತ್ತೆ?" ಎಂದರು. ತಿಂಗಳು ತಿಂಗಳೂ ಯಾರಾದರೂ ಕೇಳುವ ಪ್ರಶ್ನೆಯೇ. ಈ ಮಂಜನ್ನ ಶರಬತ್ತಿಗೆ ಹಾಕ್ಕೋಬಹುದಾ ಎನ್ನುವುದು ಮೊದಲನೆಯದಾದರೆ ಇದು ಎರಡನೆಯದು. ಅವನಿಗೆ ಉತ್ತರ ಬಾಯಿಪಾಠ. ಗವಸಿನ ಬೆರಳಲ್ಲಿ ಬಾಣ ತೋರಿಸಿ, ನಾವು ಬಾಣ ಎಳೀತೀವಿ ಸ್ವಾಮಿ, ಅದನ್ನ ನಂಬ್ತೀವಿ, ಎಂದು ನಗಿಸಬೇಕು. ಬಾಯಿ ತೆರೆದ. ಚಳಿಗೆ ಉಸಿರು ಹೊಗೆಯಾಗಿ ಹೊರಬಂತು. ಅವಳೇ ಗೋಡೆಯ ಪೆಟ್ಟಿಗೆಯ ಕಡೆ ತಲೆಯೆತ್ತಿ, ಮಾಮನ ಪರವಾಗಿ, "ಇವರು ಎಳೆದ ಬಾಣ ಇದೆ, ಅಷ್ಟು ಸಾಕು ನಮಗೆ" ಎಂದು ಗಟ್ಟಿಯಾಗಿ ಹೇಳಿದಳು. ಆಚೆ ಚಪ್ಪಾಳೆ ಬಿತ್ತು. ಚಪ್ಪಾಳೆಯ ಸದ್ದು ಗಾಜು ದಾಟಿ ಬರಲಿಲ್ಲ, ಕೈಗಳು ಮಾತ್ರ ಕಂಡವು.

ಗೆರೆ ಮೂಡತೊಡಗಿತು. ಬುಡದಿಂದ ತಲೆಯ ಕಡೆಗೆ, ಬಾಣದ ದಿಕ್ಕಿಗೆ, ಅವಳು ಉಸಿರು ಬಿಗಿಹಿಡಿದು ಎಳೆದಳು. ಗೆರೆ ಮೆಲ್ಲಗೆ ಮೇಲೇರಿತು, ಏರಿತು, ಇನ್ನೂ ಏರಿ, ಆಮೇಲೆ ತಟ್ಟನೆ ನೆಲ ಕಚ್ಚಿತು. ಅವಳು ಕಡ್ಡಿಗಳನ್ನು ಎತ್ತಿ ಮತ್ತೆ ಬುಡಕ್ಕೆ ತಂದಳು. ಇನ್ನೊಮ್ಮೆ ಎಳೆದಳು. ಮತ್ತೆ ಹಾಗೆಯೇ ಬಂತು. "ಮಾಮ" ಎಂದಳು. "ಮಾಮ, ನನ್ನ ಬಾಟಲಿ ಸರಿಯಾಗೇ ಇದ್ವು!" ಅವನ ಎರಡೂ ಗವಸು ಹಿಡಿದು ಕುಲುಕಿದಳು. ಕಣ್ಣಿಂದ ನೀರು ಬಂದು ರೆಪ್ಪೆಗಳಲ್ಲೇ ಬಿಳಿಯಾಗಿ ನಿಂತಿತು. "ನಂಗೆ ಹುಚ್ಚು ಹಿಡಿದಿರ್ಲಿಲ್ಲ. ಮಂಜೇ ಹಾಗಿದೆ! ಯಾರೂ ನೋಡದೇ ಇರೋದನ್ನ ನಾನು ನೋಡಿದೀನಿ!"

ಹೊರಗೆ ಬಂದು, ಕೋಟು ಕಳಚುವ ಸಣ್ಣ ಕೋಣೆಯಲ್ಲಿ, ಬೆಂಚಿನ ಮೇಲೆ ಕೂತು ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು. ನಾಳೆಯೇ ಬರೆದು ಕಳಿಸುತ್ತಾಳಂತೆ. ಪ್ರೊಫೆಸರ ಮುಖ ನೋಡಬೇಕಂತೆ. "ಉಗ್ರಾಣದಲ್ಲಿ ಏನಾದ್ರೂ ತಿರುಗಿ ಹೋಗಿರಬಹುದಾ ಅಂತಲೂ ಜರ್ನಲ್‌ನವರು ಕೇಳಿದ್ರು ಮಾಮ. ಆ ಮನುಷ್ಯನ ಕೈಯಲ್ಲಿ ಅದು ಆಗೋ ಮಾತೇ ಅಲ್ಲ ಅಂತ ಬರೆದಿದ್ದೆ. ನನ್ನ ಬಾಟಲಿ ಬಗ್ಗೆ ಅನುಮಾನ ಇತ್ತು ನಂಗೆ, ನಿಮ್ಮ ಬಗ್ಗೆ ಇರ್ಲಿಲ್ಲ." ಅವನು ಗೂಟಕ್ಕೆ ಕೋಟು ಹಾಕಿದ. ಕೋಟು ಜಾರಿ ಬಿತ್ತು. ಎತ್ತಿ ಮತ್ತೆ ಹಾಕಿದ. ಅವಳ ಸಂತೋಷವನ್ನು ನೋಡುತ್ತ ಸುಮ್ಮನೆ ಕೂತುಬಿಡುವುದು ಎಷ್ಟು ಸುಖ! ಇಷ್ಟು ಹತ್ತಿರ ಕೂತು ಯಾರಾದರೂ ಅವನೊಡನೆ ಹೀಗೆ ಬಡಬಡ ಮಾತಾಡಿ ಎರಡು ವರ್ಷವಾಗಿತ್ತು. ಇದನ್ನು ಕಳೆದುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಕೆಲಸ ಹೋದೀತೆಂಬ ಭಯಕ್ಕಿಂತ ಈ ಭಯವೇ ದೊಡ್ಡದಾಗಿತ್ತು, ಅದಕ್ಕಾಗಿ ಅವನಿಗೆ ನಾಚಿಕೆಯಾಯಿತು.

"ಆ ಬಾಣ ಉಲ್ಟಾ ಇದೆಯಮ್ಮ."

"ಯಾವ ಬಾಣ?" ಅವಳು ಇನ್ನೂ ನಗುತ್ತಿದ್ದಳು.

"ನಾನೂರ ಹನ್ನೆರಡರದ್ದು. ಅವತ್ತು ಬಾಣ ಎಳ್ಕೊಳ್ಳೋ ಮೊದ್ಲೇ ಹೆರೆದುಬಿಟ್ಟೆ. ನೀನು ಕೇಳಿದಾಗ ಗೊತ್ತಿದ್ದೋನ ಹಾಗೆ ಎಳೆದೆ. ಮಂಜು ಸರಿಯಾಗೇ ಇದೆ. ನಿನ್ನ ಬಾಟಲಿನೂ ಸರಿಯಾಗೇ ಇದ್ವು. ನಾನು ತಿರುಗಿಸಿ ಕೊಟ್ಟೆ."

ಅವಳ ಮುಖದಲ್ಲಿ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಹೋಗಬೇಕೆಂದು ಗೊತ್ತಾಗಲು ಅದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. "ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತು ಸಂಜೇನೇ. ಹಳೇ ಚೀಲ ನೋಡ್ದೆ."

"ಆ ಚೀಲ ಎಲ್ಲಿದೆ?"

"ಕತ್ತರಿಸಿ ಹಾಕ್ದೆ."

ಅವಳು ಬಯ್ಯಲಿಲ್ಲ. ಬಯ್ಯಲಿ ಎಂದು ಅವನು ಕಾದ. ಕೈಯಲ್ಲಿದ್ದ ಕಾಗದದ ಕರವಸ್ತ್ರವನ್ನು ಅವಳು ನಾಲ್ಕು ಮಡಿಕೆ ಮಾಡಿದಳು, ಎಂಟು ಮಾಡಿದಳು, ಇನ್ನು ಮಡಿಸಲಾಗದೆ ಬಿಟ್ಟಳು. "ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ" ಎಂದಳು, ಅವನಿಗಲ್ಲ, ಕರವಸ್ತ್ರಕ್ಕೆ. ಆಮೇಲೆ ತಲೆಯೆತ್ತಿ, "ಇನ್ನು ಯಾವ್ಯಾವುದು?" ಎಂದು ಕೇಳಿದಳು.

"ಇನ್ಯಾವುದೂ ಇಲ್ಲಮ್ಮ. ಇದೊಂದೇ."

ಅದು ನಿಜ. ಇಪ್ಪತ್ತಾರು ವರ್ಷದಲ್ಲಿ ಅದೊಂದೇ. ತನ್ನ ಜೀವಮಾನದಲ್ಲಿ ಅವನು ಇದಕ್ಕಿಂತ ನಿಜವಾದ ಮಾತು ಆಡಿದ್ದಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಅವಳವರೆಗೆ ಹೋಗಿ, ಒಳಗೆ ಸೇರದೆ ಹಾಗೇ ನಿಂತದ್ದು ಅವನಿಗೆ ಕಂಡಿತು. ಆಣೆ ಮಾಡಲೇ ಎಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. ಹದಿನೇಳು ಸಾವಿರ ಬಾಣಗಳೂ ಈಗ ಈ ಒಂದರ ಜೊತೆ ನಿಲ್ಲಬೇಕಿತ್ತು.

ನಿರ್ದೇಶಕಿಗೆ ಅವಳೇ ಹೋಗಿ ಹೇಳಿದಳು. ಅರ್ಧ ಗಂಟೆಯಾದ ಮೇಲೆ ನಿರ್ದೇಶಕಿ ಬಂದು ಅವನ ಮುಂದೆ ನಿಂತು, ಏನೋ ಕೇಳಬೇಕೆಂದು ಬಂದವಳು, "ಊಟ ಆಯ್ತಾ ನಿಮ್ಮದು?" ಎಂದು ಕೇಳಿ ಹೋಗಿಬಿಟ್ಟಳು. ಸಾರ್ವಜನಿಕರು ಆಗಲೇ ಚದುರಿದ್ದರು. ಇವತ್ತೇ ಅಕ್ಕಪಕ್ಕದ ಮೀಟರುಗಳ ಮೀಸಲು ಪಾಲನ್ನೂ ಯಂತ್ರದ ಕೆಳಗೆ ಇಟ್ಟು ನೋಡುವುದೆಂದಾಯಿತು, ಆಮೇಲೆ ಉಳಿದದ್ದು. ಅವನು ಕಾಲುಚೀಲಕ್ಕೆ ಕೈಹಾಕಿದ. "ಬೇಡಿ ಸರ್" ಎಂದಳು ಆ ಹುಡುಗಿ. "ನಾನೇ ಹೋಗ್ತೀನಿ. ಒಳಗೆ ಒಬ್ಬರು ಇದ್ದಾಗ ಗಾಜಿನ ಹತ್ರ ಒಬ್ಬರು ಕೂತಿರ್ಬೇಕಂತಲ್ಲ, ನೀವು ಅಲ್ಲಿ ಕೂತ್ಕೊಳ್ಳಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೂಂಗುಟ್ಟಿ ಕಾಲುಚೀಲವನ್ನು ಮಡಚಿಟ್ಟ.

ಗಾಜಿನ ಈಚೆಯ ಕಡೆ ಅವನು ಯಾವತ್ತೂ ಕೂತಿರಲಿಲ್ಲ. ನೆಲದ ಮೇಲೆ ನೀರು ಚೆಲ್ಲಿತ್ತು, ಗಾಜಿನ ಅಡಿಕಟ್ಟೆಯ ಮೇಲೆ ಯಾರೋ ಲೋಟ ಬಿಟ್ಟು ಹೋಗಿದ್ದರು. ಕೊಯ್ಯುವ ಕೋಣೆ ಇಲ್ಲಿಂದ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿ ಕಂಡಿತು. ಅವಳು ಒಂದು ದಿಂಡು ತಂದಳು, ಹೆರೆದಳು, ಕಡ್ಡಿ ಎಳೆದಳು, ಬರೆದುಕೊಂಡಳು. ಗೊರಡನ್ನು ಸ್ವಲ್ಪ ಒತ್ತಿ ಹಿಡಿಯುತ್ತಿದ್ದಳು, ಹಾಗೆ ಹಿಡಿದರೆ ಬೇಗ ಕೈ ನೋಯುತ್ತದೆ. ಹೇಳೋಣವೆಂದು ಮೈಕಿನ ಗುಂಡಿಯ ಕಡೆ ಕೈ ಹೋಯಿತು, ಹಿಂದಕ್ಕೆ ಬಂತು. ಇನ್ನೊಂದು ದಿಂಡು ತಂದಳು, ಅದನ್ನೂ ನೋಡಿದಳು, ಇಟ್ಟು ಬಂದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹತ್ತಿರ ನಿಂತು ಅತ್ತಿತ್ತ ನೋಡಿ ಗಾಜಿನ ಕಡೆ ತಿರುಗಿದಳು. ಗೋಡೆಯ ಪೆಟ್ಟಿಗೆಯಲ್ಲಿ ಅವಳ ದನಿ ಬಂತು. "ಸರ್, ನಾನೂರ ಹದಿನಾಲ್ಕು ಸಿಗ್ತಾ ಇಲ್ಲ. ಎಲ್ಲಿದೆ?"

ಅವನು ಎದ್ದು ಗುಂಡಿ ಒತ್ತಿದ. "ನಾಲ್ಕನೇ ಓಣಿ, ಬಲಗಡೆ, ಮೇಲಿಂದ ಎರಡನೇ ಸಾಲು. ಏಳನೇದು."

ಅವಳು ತಲೆಯಾಡಿಸಿದಳು. ಆಮೇಲೆ ಕೊಕ್ಕೆಯಲ್ಲಿ ನೇತುಹಾಕಿದ್ದ, ದಿಂಡುಗಳ ಜಾಗ ಬರೆದ ಪಟ್ಟಿಯನ್ನು ತೆಗೆದು, ದಪ್ಪ ಗವಸಿನ ಬೆರಳಿನಿಂದ ಹಾಳೆ ಮಗುಚಲು ಬಾರದೆ ಒದ್ದಾಡಿ, ಕೊನೆಗೆ ಗವಸನ್ನೇ ಕಳಚಿ, ಬರಿಗೈಯಲ್ಲಿ ಆ ಸಾಲನ್ನು ಹುಡುಕಿ ನೋಡಿಕೊಂಡು ಒಳಗೆ ಹೋದಳು.